ಗೋಡೆಯಾಚೆಯ ದೀಪ

ಇವರಿಬ್ಬರನ್ನು ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿದ ಪುಣ್ಯಾತ್ಮ ಯಾರು? ವೇದಿಕೆಯ ಮೇಲಿದ್ದ ಭಾರ್ಗವಿ ಮತ್ತೊಮ್ಮೆ ಕಣ್ಣು ಹಾಯಿಸಿದಳು. ಮುಂದಿನ ಸಾಲಿನಲ್ಲಿ ಅವಳ ಅಜ್ಜಿ ಅಕ್ಕಯ್ಯಮ್ಮ. ಪಕ್ಕದಲ್ಲೇ ನೆರೆಮನೆಯ ಸಹಪಾಠಿ ಅನಿಲನ ತಾತ ಮುನಿಯಪ್ಪ. ಮೂರು ವರ್ಷದಿಂದ ಮಾತುಕತೆ ಇಲ್ಲದ ಇಬ್ಬರ ನಡುವೆ ಈಗ ಇದ್ದದ್ದು ಒಂದು ನೀರಿನ ಬಾಟಲಿ ಮಾತ್ರ.

ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಅಂದು ಸನ್ಮಾನ. ಹತ್ತನೇ ತರಗತಿಯಲ್ಲಿ ಭಾರ್ಗವಿಗೆ ಆರುನೂರ ಹನ್ನೊಂದು, ಅನಿಲನಿಗೂ ಆರುನೂರ ಹನ್ನೊಂದು. ಒಂದೇ ಒಂದು ಅಂಕ ಹೆಚ್ಚು ಬರಬಾರದಿತ್ತೇ ಎಂದು ಅವಳು ವಾರವಿಡೀ ಹೊಟ್ಟೆ ಉರಿದುಕೊಂಡಿದ್ದಳು. ಈಗ ಇಬ್ಬರೂ ಹೈಸ್ಕೂಲಿನ ನೆನಪು ಹೇಳಬೇಕು, ಗೆಲುವಿನ ಗುಟ್ಟು ಹೇಳಬೇಕು. ಭಾರ್ಗವಿಯ ಗುಟ್ಟು ಅಜ್ಜಿಯ ಮುಂದೆ ಬಾಯಿಬಿಡುವಂಥದ್ದಲ್ಲ.

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನ್‌ನಲ್ಲಿ ಎರಡೂ ಮನೆಗೆ ಒಂದೇ ಹಿತ್ತಲ ಗೋಡೆ. ಭಾರ್ಗವಿಯ ತೀರಿಕೊಂಡ ಅಜ್ಜ ಮತ್ತು ಮುನಿಯಪ್ಪ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿದವರು. ಭಾರ್ಗವಿ ಎಂಟನೇ ತರಗತಿಗೆ ಸೇರಿದ ಜೂನ್‌ನಲ್ಲಿ, ಬೀದಿ ನಲ್ಲಿಯ ಹತ್ತಿರ ಯಾರ ಕೊಡ ಮೊದಲು ಎಂದು ಅಜ್ಜಿಗೂ ಮುನಿಯಪ್ಪನಿಗೂ ಜಗಳ ಹತ್ತಿಕೊಂಡಿತು. ಲೈನಿಗೆ ಲೈನೇ ಹೊರಗೆ ಬಂದು ನೋಡಿತು. ಅಂದಿನಿಂದ ಮಾತು ಬಂದ್. ಅಜ್ಜಿಯ ಹಠವೆಂದರೆ ಹಠ. ಮುನಿಯಪ್ಪನ ಮರದ ನುಗ್ಗೆಕಾಯಿಯನ್ನು ಸಾರಿಗೆ ಹಾಕುವಾಗಲೂ, "ಗಾಳಿಗೆ ಬಿದ್ದಿದ್ದು ಕಣೇ, ಆವಯ್ಯ ಕೊಟ್ಟಿದ್ದಲ್ಲ" ಎನ್ನುತ್ತಿದ್ದಳು. ಅದೇನೋ, ಭಾನುವಾರ ಮಾತ್ರ ಗಾಳಿ ಜೋರಾಗಿರುತ್ತಿತ್ತು.

ಜಗಳದ ಮರುದಿನವೇ ಬೆಳಗಿನ ನಾಲ್ಕೂವರೆಗೆ ಅಜ್ಜಿ ಭಾರ್ಗವಿಯ ಹೊದಿಕೆ ಎಳೆದಿದ್ದಳು. "ಏಳೇ. ಆವಯ್ಯನ ಮೊಮ್ಮಗ ಆಗ್ಲೇ ಲೈಟು ಆಕ್ಕೊಂಡು ಓದ್ತಾವ್ನೆ. ನಮ್ಮ ಮಾನ ಕಳೀಬ್ಯಾಡ."

ಕಿಟಕಿಯಲ್ಲಿ ಇಣುಕಿದರೆ ನಿಜ, ಗೋಡೆಯಾಚೆ ದೀಪ. ಆಮೇಲೆ ಮೂರು ವರ್ಷ ಒಂದು ದಿನವೂ ಆ ದೀಪ ತಪ್ಪಲಿಲ್ಲ. ಅದಕ್ಕೆ ಅವಳು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಪರೀಕ್ಷೆಯ ಹಿಂದಿನ ವಾರ ಜ್ವರ ಬಂದು, ಇನ್ನು ನನ್ನಿಂದಾಗದು ಎಂದು ಪುಸ್ತಕ ಮುಚ್ಚಿದಾಗ, ಅದೇ ದೀಪ ನೋಡಿ ಮತ್ತೆ ತೆರೆದಿದ್ದಳು. ಅದನ್ನು ಬಿಟ್ಟು ಬೇರೇನು ಹೇಳಿದರೂ ಸುಳ್ಳು. ಅದನ್ನೇ ಹೇಳಿದರೆ, ಸಾಕಿ ಸಲಹಿದ ಅಜ್ಜಿಗೆ ತುಂಬಿದ ಸಭೆಯಲ್ಲಿ ಅವಮಾನ.

ಮೈಕ್ ಕೈಗೆ ಬಂತು. ಭಾರ್ಗವಿ ಶುರುಮಾಡಿದಳು.

"ನಾನು ಓದಿದ್ದು ಅನಿಲನ ಮನೆ ದೀಪ ನೋಡಿ. ದಿನಾ ನನಗಿಂತ ಮೊದಲೇ ಹತ್ತಿರುತ್ತಿತ್ತು. ಅಜ್ಜಿ, ಕೋಪ ಮಾಡ್ಕೋಬೇಡ."

ಅಜ್ಜಿ ತಲೆ ತಗ್ಗಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಮುನಿಯಪ್ಪ ಯಾಕೋ ಬಗ್ಗಿ, ಕಾಲಲ್ಲೇ ಇದ್ದ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಹುಡುಕತೊಡಗಿದ. ಅಜ್ಜಿಯನ್ನು ಅಳಿಸಿಬಿಟ್ಟೆನಲ್ಲ ಎಂದುಕೊಂಡು ಭಾರ್ಗವಿ ಮೈಕನ್ನು ಅನಿಲನತ್ತ ಚಾಚಿದಳು.

ಅನಿಲ ಮೈಕ್ ತೆಗೆದುಕೊಂಡು ಪೆಚ್ಚಾಗಿ ನಿಂತ. "ಅದೆಂಗೆ? 'ಅಕ್ಕಯ್ಯಮ್ಮನ ಮನೇಲಿ ಆಗ್ಲೇ ಲೈಟು ಉರೀತೈತೆ, ಏಳ್ಲಾ' ಅಂತ ನಮ್ ತಾತ ನನ್ನ ದಿನಾ ಎಬ್ಬಿಸ್ತಿದ್ದಿದ್ದು. ನಾನೂ ನೋಡ್ತಿದ್ದೆ. ಉರೀತಾನೇ ಇರ್ತಿತ್ತು."

ಸಭೆ ನಕ್ಕಿತು. ಮೂರು ವರ್ಷದಲ್ಲಿ ಮೊದಲ ಸಲ ಭಾರ್ಗವಿ, ಅನಿಲ ಇಬ್ಬರೂ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿದರು.

"ಹಂಗಾದ್ರೆ ಮೊದಲು ಹಾಕ್ತಿದ್ದಿದ್ದು ಯಾರು?" ಎಂದಳು ಭಾರ್ಗವಿ. ಅನಿಲ ತಲೆ ಕೆರೆದುಕೊಂಡ. ಇಬ್ಬರಿಗೂ ನಗು ಬಂತು.

ಫೋಟೊ ಮುಗಿಯುತ್ತಲೇ ಅವಳು ಅಜ್ಜಿಯನ್ನು ಸಮಾಧಾನ ಮಾಡಲು ಓಡಿದಳು. ಲಡ್ಡು ಹಂಚುವಲ್ಲಿ ಅವಳ ತಂಗಿ ಅರ್ಚನ ಮತ್ತು ಅನಿಲನ ತಮ್ಮ ವೆಂಕಿ, ನಾನು ಮೊದಲು ತಾನು ಮೊದಲು ಎಂದು ತಳ್ಳಾಡುತ್ತಿದ್ದರು. ಇಬ್ಬರೂ ಈಗಷ್ಟೇ ಏಳನೇ ತರಗತಿ ಮುಗಿಸಿದವರು. ಅವರನ್ನು ದಾಟಿ ಭಾರ್ಗವಿ ಅಜ್ಜಿಯ ಕುರ್ಚಿಯ ಹಿಂದೆ ಬಂದು ನಿಂತಳು. ಹಿರಿಯರಿಬ್ಬರೂ ನೆಟ್ಟಗೆ ವೇದಿಕೆಯನ್ನೇ ನೋಡುತ್ತಿದ್ದರು. ಮುನಿಯಪ್ಪ ಮಾತ್ರ ತುಟಿ ಅಲುಗಿಸದಂತೆ ಮೆಲ್ಲಗೆ ಹೇಳುತ್ತಿದ್ದ:

"ಅತ್ತಿಗೆ, ನಿಮ್ ಅರ್ಚನ, ನಮ್ ವೆಂಕಿ, ಇಬ್ರೂ ಜೂನ್‌ಗೆ ಎಂಟನೇ ಕ್ಲಾಸು. ಈ ಸಲ ಜಗಳಕ್ಕೆ ನಲ್ಲಿ ಬ್ಯಾಡ, ಬೇರೆ ಏನಾರ ನೋಡಾಣ."