ಅಳಿಯ ಮುಳುಗಿಸಿದ ಗಾಂಜಾ

ಕೊಳದಲ್ಲಿ ಸೊಂಟಮಟ್ಟದ ನೀರಿಗಿಳಿದು ಅಳಿಯ ಗಾಂಜಾ ದಂಟಿನ ಕಟ್ಟುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದ. ಹಗ್ಗದ ನಾರಿಗೆಂದೇ ಪರವಾನಗಿ ಪಡೆದು ಬೆಳೆದ ಗಿಡ, ಇದರಲ್ಲಿ ಅಮಲಿಲ್ಲ ಎಂದು ಮಾವ ಎಷ್ಟು ಬಡಿದುಕೊಂಡರೂ ಅವನ ತಲೆಗೆ ಹತ್ತಿರಲಿಲ್ಲ.

"ಪೊಲೀಸರು ಬಂದ್ರೆ ನನ್ನ ಮಾನ ಏನಾಗ್ಬೇಕು ಮಾವ? ಎಲ್ಲಾ ಇಲ್ಲೇ ಕೊಳೆತು ಹೋಗ್ಲಿ!"

ಹಗ್ಗ ಹೊಸೆಯುವ ಮಾವ ದಡದಲ್ಲಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೂತಿದ್ದ. ಇಂಥ ಬೃಹಸ್ಪತಿಗೆ ಮಗಳನ್ನು ಕೊಟ್ಟೆನಲ್ಲ! "ಮೇಲೆ ಕಲ್ಲು ಹೇರಿ ಅಳಿಯಂದ್ರೇ, ಇಲ್ದಿದ್ರೆ ತೇಲ್ತವೆ" ಎಂದ. ಅಳಿಯ ಏದುಸಿರು ಬಿಡುತ್ತಾ ಕಲ್ಲು ಹೊತ್ತ.

ಮಗಳು ಬಂದು ಪಿಸುಗುಟ್ಟಿದಳು. "ಅಪ್ಪಾ, ನಾರು ಬಿಡಿಸೋಕೆ ನಾವೂ ಹೀಗೇ ನೀರಲ್ಲಿ ಕೊಳೆಹಾಕೋದು ಅಂತ ಇವರಿಗೆ ಹೇಳಲ್ವಾ?"

"ಸುಮ್ನಿರೇ. ಮದುವೆ ಆದ್ಮೇಲೆ ಇವತ್ತೇ ನಿನ್ನ ಗಂಡ ಒಂದು ಕೆಲಸ ನೆಟ್ಟಗೆ ಮಾಡ್ತಿರೋದು. ಹೇಳಿ ಕೆಡಿಸ್ಬೇಡ."