ಟವೆಲು ಸುತ್ತಿದ ಸದ್ದು

ಉತ್ತರಕ್ರಿಯೆ ಮುಗಿದು ಎಲ್ಲರೂ ಹೊರಟುಹೋದ ಮೇಲಿನ ಮೊದಲ ಬೆಳಗು ಅದು...

ಅತ್ತೆಯನ್ನು ಮೈದುನ ಊರಿಗೆ ಕರೆದೊಯ್ದಿದ್ದ. ಬಾಡಿಗೆಯ ಕುರ್ಚಿಗಳೂ ಹೋಗಿದ್ದವು.

ಶಮಿತಾ ಚಹಾಕ್ಕೆ ನೀರಿಟ್ಟಳು. ಅದು ಕುದಿಯಿತು. ನೀರು ಎಂದಿನಂತೆಯೇ ಕುದಿಯುತ್ತದೆ ಎಂಬುದು ಅವಳಿಗೆ ವಿಚಿತ್ರವಾಗಿ ಕಂಡಿತು.

ಕ್ರಿಸ್‌ಮಸ್ ಕಳೆದಿತ್ತು. ಮಂಗಳೂರಿನ ಆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಕಾಗದದ ನಕ್ಷತ್ರಗಳು ಇನ್ನೂ ತೂಗುತ್ತಿದ್ದವು. ಒಂದರ ಬಲ್ಬು ಹಗಲಲ್ಲೂ ಉರಿಯುತ್ತಿತ್ತು, ಯಾರೋ ಆರಿಸಲು ಮರೆತಂತೆ...

ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಆ ಸ್ಟೀಲ್ ಶೇಕರ್ ಇತ್ತು.

ಅದು ಈ ಮನೆಯದಲ್ಲ. ಮೇಲಿನ ಮನೆಯ ಬೋನಿ ಅಂಕಲ್‌ದು. ಪ್ರಯಾಣಿಕರ ಹಡಗಿನಲ್ಲಿ ಬಾರ್‌ಮನ್ ಆಗಿದ್ದು ರಿಟೈರ್ ಆದವರು. ಕಾಕ್‌ಟೇಲ್ ಕಲಸುವ ಆ ಶೇಕರನ್ನು ಅವಳ ಗಂಡ ನಿಖಿತ್ "ಒಂದೇ ವೀಕೆಂಡ್‌ಗೆ ಅಂಕಲ್" ಎಂದು ಕೇಳಿ ತಂದಿದ್ದ.

ಆಮೇಲೆ ಪ್ರತಿ ಶನಿವಾರವೂ ಅದೇ ವೀಕೆಂಡ್...

ಸಂಜೆಯಾದರೆ ಅವನು ಬನಿಯನ್ ಮೇಲೆ ಟೈ ಕಟ್ಟುತ್ತಿದ್ದ. ಅವಳು ಮದುವೆಯ ಸೀರೆ ಉಡಲೇಬೇಕು.

"ಮನೆಯಲ್ಲಿ ಇದನ್ನು ಯಾರು ನೋಡ್ತಾರೆ ಮಾರಾಯ?"

"ಬೀರುವಿನಲ್ಲಿ ಇಟ್ರೆ ಯಾರು ನೋಡುದು? ಜಿರಲೆಯಾ?"

ಪುನರ್ಪುಳಿ ಹಣ್ಣಿನ ಕೆಂಪು ಹುಳಿರಸ, ಶುಂಠಿ, ಐಸು, ಚಿಟಿಕೆ ಕಾಳುಮೆಣಸು. ಮದ್ಯದ ಹನಿಯೂ ಇಲ್ಲ. ಆದರೂ ಅವನು ಬಾಗಿ, "ಮೇಡಂ, ನಿಮ್ಮ ಕಾಕ್‌ಟೇಲ್" ಎನ್ನುತ್ತಿದ್ದ.

ಶೇಕರಿನೊಳಗೆ ಐಸು ಗಲಗಲ ಎನ್ನುವಾಗ ಪರದೆ, ಸೋಫಾ, ದೀಪ ಎಲ್ಲ ಮೆಲ್ಲನೆ ದಡ ಬಿಟ್ಟು ಹೊರಟಂತೆ ಅನಿಸುತ್ತಿತ್ತು... ಇಬ್ಬರೇ ಇರುವ ಹಡಗು.

ಕೊನೆಯ ಶನಿವಾರ ಅವಳು ಅದಕ್ಕೆ ಬರೀ ನೀರಾಡಿಸಿ, "ನಾಳೆ ಸರಿಯಾಗಿ ತೊಳೀತೇನೆ" ಎಂದು ಮುಚ್ಚಿಟ್ಟಿದ್ದಳು.

ಮರುದಿನ ಬೆಳಗ್ಗೆ ಎದೆ ಹಿಡಿದು ಕುಳಿತ ನಿಖಿತ್ ಮತ್ತೆ ಏಳಲಿಲ್ಲ.

ಈಗ ಅವಳು ಮುಚ್ಚಳ ತೆಗೆದಳು. ಶುಂಠಿಯ ವಾಸನೆ ಇನ್ನೂ ಇತ್ತು, ಸಣ್ಣಗೆ... ಥಟ್ಟನೆ ಮುಚ್ಚಿದಳು.

ತೊಳೆಯಬಾರದು. ಯಾರಿಗೂ ಕೊಡಬಾರದು. ಆ ಶನಿವಾರಗಳಲ್ಲಿ ಉಳಿದಿರುವುದು ಇಷ್ಟೇ.

ಅಷ್ಟರಲ್ಲಿ ಮೇಲಿನಿಂದ ಸದ್ದು ಬಂತು. ದುಬ್ ದುಬ್ ದುಬ್... ನಿಂತಿತು. ಮತ್ತೆ ದುಬ್ ದುಬ್. ನಡುವೆ ಯಾರೋ ನಕ್ಕರು.

ಬೋನಿ ಅಂಕಲ್‌ರ ಮೊಮ್ಮಗಳು ಶೆರಿಲ್‌ಳ ಮದುವೆ ಹತ್ತಿರ ಬಂದಿತ್ತು. ಶಮಿತಾಗೆ ಅದು ಗೊತ್ತಿತ್ತು. ಆದರೂ ಸಾವಿನ ಮನೆಯ ನೆತ್ತಿಯ ಮೇಲೆಯೇ ಕುಣಿಯಬೇಕೇ?

ಎಷ್ಟೋ ದಿನಗಳ ಮೇಲೆ ಅವಳಿಗೆ ಏನೋ ಒಂದು ಅನಿಸಿತು. ಸಿಟ್ಟು.

ನಾಲ್ಕು ಮಾತು ಆಡಿಯೇ ಬರುತ್ತೇನೆಂದು ಮೆಟ್ಟಿಲು ಹತ್ತಿದಳು. ಬಾಗಿಲು ಅರೆ ತೆರೆದಿತ್ತು. ಒಳಗೆ ಕಂಡದ್ದು ಕುಣಿತವಲ್ಲ...

ಬೋನಿ ಅಂಕಲ್ ಬೆನ್ನು ತಿರುಗಿಸಿ ಅಡುಗೆಮನೆಯಲ್ಲಿ ನಿಂತಿದ್ದರು. ಕೈಯಲ್ಲಿ ಐಸು ತುಂಬಿದ ಹಾರ್ಲಿಕ್ಸ್ ಬಾಟಲಿ. ಅದಕ್ಕೆ ದಪ್ಪನೆಯ ಟವೆಲು ಸುತ್ತಿ, ಎರಡೂ ಕೈಯಿಂದ ಆಡಿಸುತ್ತಿದ್ದರು.

"ಅಮ್ಮನ ಮದುವೆಯಲ್ಲಿ ಟೋಸ್ಟಿಗೆ ಗ್ಲಾಸ್ ಎತ್ತುವಾಗ ನೀವು ಹಡಗಿನ ಶೇಕರಲ್ಲೇ ಕಲಸಿ ಕೊಟ್ಟದ್ದಂತೆ. ನನ್ನ ಮದುವೆಗೆ ಮಾತ್ರ ಹಾರ್ಲಿಕ್ಸ್ ಬಾಟ್ಲಿಯಾ ಅಜ್ಜ?" ಶೆರಿಲ್ ನಗುತ್ತಿದ್ದಳು. "ಕೆಳಗೆ ಹೋಗಿ ಕೇಳಿದ್ರೆ ಆಗುದಿಲ್ವಾ? ನಿಮ್ಮದೇ ಅಲ್ವಾ ಅದು?"

"ಸಾವಿನ ಮನೆಗೆ ಹೋಗಿ ಸಾಮಾನು ಕೇಳುದಾ? ಕೊಡ್ಬೇಕು ಅಂತ ಕಂಡ್ರೆ ಅವಳೇ ಕೊಡ್ತಾಳೆ. ಇಲ್ದಿದ್ರೆ ಅವಳ ಹತ್ರವೇ ಇರ್ಲಿ."

"ಮತ್ತೆ ಈ ಟವೆಲ್ ಎಂತಕ್ಕೆ? ಬಾಟ್ಲಿಗೆ ಚಳಿಯಾ?"

ಅಂಕಲ್ ಕೈ ನಿಲ್ಲಿಸಿದರು.

"ಶನಿವಾರ ಆ ಹುಡುಗ ಆಡಿಸುವಾಗ ಐಸಿನ ಸದ್ದು ನಮಗೆ ಇಲ್ಲಿವರೆಗೆ ಕೇಳ್ತಿತ್ತಲ್ಲ... ಈಗ ಅದೇ ಸದ್ದು ಇಲ್ಲಿಂದ ಅವಳ ಕಿವಿಗೆ ಬೀಳುದು ಬೇಡ."

ಶೆರಿಲ್ ಟವೆಲಿನ ಸಡಿಲಾದ ತುದಿಯನ್ನು ಬಿಗಿಮಾಡಿದಳು.

ಶಮಿತಾ ಬಾಗಿಲು ತಟ್ಟಲಿಲ್ಲ. ಬಂದಂತೆಯೇ ಕೆಳಗಿಳಿದಳು.

ಅಡುಗೆಮನೆಯಲ್ಲಿ ಶೇಕರಿನ ಮುಚ್ಚಳ ತೆಗೆದು ಒಮ್ಮೆ ಮಾತ್ರ, ದೀರ್ಘವಾಗಿ ಉಸಿರೆಳೆದುಕೊಂಡಳು...

ಆಮೇಲೆ ನಲ್ಲಿ ತಿರುಗಿಸಿದಳು.

ನೀರು ತುಂಬಿತು, ಚೆಲ್ಲಿತು, ತುಂಬಿತು. ಶುಂಠಿಯ ವಾಸನೆ ಹೋಯಿತು. ಅವಳು ಅತ್ತದ್ದು ಅಲ್ಲಿ, ಮೊದಲ ಬಾರಿಗೆ. ನೀರಿನ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

ಎರವಲು ತಂದ ಪಾತ್ರೆಯನ್ನು ಅವಳ ಅಮ್ಮ ಎಂದೂ ಬರಿದಾಗಿ ಹಿಂದಿರುಗಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು.

ಶಮಿತಾ ಪುನರ್ಪುಳಿ ರಸ ಸುರಿದಳು. ಶುಂಠಿ ಜಜ್ಜಿದಳು. ಐಸು. ಕಾಳುಮೆಣಸಿನ ಪುಡಿ. ಮುಚ್ಚಳ ಒತ್ತಿ, ನಿಖಿತ್ ಮಾಡುತ್ತಿದ್ದ ಹಾಗೆ ಭುಜದ ಮೇಲೆತ್ತಿ ಆಡಿಸಿದಳು.

ಗಲಗಲ, ಗಲಗಲ...

ಪರದೆ ಅಲುಗಿತು. ಹೊರಗೆ ನಕ್ಷತ್ರ ತೂಗಿತು. ಮನೆ ಒಂದು ಗಳಿಗೆ ಮತ್ತೆ ದಡ ಬಿಟ್ಟು ತೇಲಿತು.

ಮೇಲೆ ದುಬ್ ದುಬ್ ಸದ್ದು ನಿಂತುಹೋಯಿತು.

ಅವಳು ಮೆಟ್ಟಿಲು ಹತ್ತಿದಾಗ ಬೋನಿ ಅಂಕಲ್ ಆಗಲೇ ಬಾಗಿಲಲ್ಲಿ ನಿಂತಿದ್ದರು. ಟವೆಲು ಹೆಗಲ ಮೇಲಿತ್ತು.

"ಅಂಕಲ್, ನಿಖಿತ್ ತಂದದ್ದು... ವಾಪಸ್ ಕೊಡ್ಲಿಕ್ಕೆ ತಡ ಆಯ್ತು."

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಭಾರವಾಗಿತ್ತು, ತಣ್ಣಗಿತ್ತು.

"ಒಳಗೆ ಎಂತ ಉಂಟು ಮಗಾ?"

"ನಿಖಿತ್‌ನ ಕಾಕ್‌ಟೇಲ್. ಶೆರಿಲ್‌ಗೆ ಕೊಡಿ. ಮೆಣಸು ಸ್ವಲ್ಪ ಜಾಸ್ತಿ ಆಯ್ತೇನೋ."

ಅಂಕಲ್ ಮುಚ್ಚಳಕ್ಕೆ ಒಂದಿಷ್ಟು ಸುರಿದು ಗುಟುಕರಿಸಿದರು. ಕಣ್ಣು ಒರೆಸಿಕೊಳ್ಳಲು ಟವೆಲು ಹೆಗಲ ಮೇಲೆಯೇ ಇತ್ತು.

"ಅವನೂ ಜಾಸ್ತಿಯೇ ಹಾಕ್ತಿದ್ದ," ಎಂದರು.

.

ನಮ್ಮ ನೋವಿಗಾಗಿ ಯಾರೋ ತಮ್ಮ ಸಂಭ್ರಮದ ಸದ್ದನ್ನು ತಗ್ಗಿಸಿಕೊಂಡಿರುತ್ತಾರೆ... ಅದು ನಮಗೆ ಗೊತ್ತೇ ಆಗುವುದಿಲ್ಲ.

ಇವತ್ತು ನಿಮಗಾಗಿ ಯಾರು ಮೆಲ್ಲಗೆ ಹೆಜ್ಜೆಯಿಡುತ್ತಿದ್ದಾರೆ?