ರೇಣವ್ವನ ಮಾತ್ರೆ

ಬಸುರಿಯರ ಮಾತ್ರೆಯನ್ನು ಗಂಡಂದಿರೇ ನುಂಗುವುದು ಈಗ ಎಲ್ಲ ಮನೆಯಲ್ಲೂ ಇದ್ದದ್ದೇ. ಗುಣ ಅವರಿಗೆ, ಮಂಪರು ನಮಗೆ, ಕೂಸಿಗೆ ಏನೂ ತಟ್ಟಲ್ಲ. ನನ್ನ ಹೆಂಡತಿ ರೇಣವ್ವನಿಗೆ ಮೂರ್ಛೆರೋಗ. ಅವಳ ಮಾತ್ರೆ ನುಂಗಿ ನಾನು ಗ್ಯಾರೇಜಿನಲ್ಲಿ ಟೈರಿನ ಮೇಲೆ ತೂಕಡಿಸುತ್ತೇನೆ. “ಏನಮ್ಮಾ ಬಸುರಿ, ಎಷ್ಟು ತಿಂಗಳು?” ಅಂತ ಮೇಸ್ತ್ರಿ ನಗುತ್ತಾನೆ.

ನಿನ್ನೆಯಿಂದ ಮಾತ್ರೆ ಕಾಣೆ. ಇವತ್ತು ಅವಳು ನಲ್ಲಿಯ ಹತ್ತಿರ ಸೆಟೆದು ಬಿದ್ದಳು. ಹುಡುಕಿದರೆ ಮಾತ್ರೆ ಅವ್ವನ ಎಲೆಅಡಿಕೆ ಚೀಲದಲ್ಲಿತ್ತು.

“ಯಾರದೋ ಮಗಳ ಬೇನೆಗೆ ನನ್ನ ಮಗ ಯಾಕೆ ವಿಷ ತಿನ್ನಬೇಕು?” ಅಂದಳು ಅವ್ವ.

“ಅವಳು ನುಂಗುವಾಗ ಕೂಸಿಗೆ ವಿಷ ಅಂದಿ. ನಾನು ನುಂಗಿದರೆ ಮಗನಿಗೆ ವಿಷ ಅಂತಿ. ಅವಳು ನಿನಗೆ ಏನೂ ಅಲ್ಲೇನವ್ವ?”

ಅವ್ವನೆದುರೇ ಮಾತ್ರೆ ನುಂಗಿದೆ. ಒಳಕೋಣೆಯಲ್ಲಿ ರೇಣವ್ವನ ಕೈನಡುಕ ನಿಂತಿತು. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.